ಆ ಹಡಗು ಬಿರುಗಾಳಿಗೆ ಮುಳುಗಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಕೆಂಪು ಸಮುದ್ರದ 'ಚಿನ್ನದ ಹಡಗು' ಅಂತ ಒಂದು ಇಡೀ ಪುಟ ಹಾಕಿದ್ದಿರಲ್ಲ, ಅದರ ಬಗ್ಗೆ ಈ ಪತ್ರ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಜಾಗ ಸಾಲದಿದ್ದರೆ ಕತ್ತರಿಸಿ, ಆದರೆ ನಡುವಿನ ಭಾಗ ಮಾತ್ರ ಬಿಡಬೇಡಿ.

ನಾನು ಗದಗದವನು, ಮನೆ ಬೆಟಗೇರಿಯಲ್ಲಿ. ಮೂವತ್ತು ವರ್ಷಕ್ಕೂ ಜಾಸ್ತಿ ಹತ್ತಿ ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳಲ್ಲಿ, ಅಂದರೆ ಹತ್ತಿಯ ಬೀಜ ಬಿಡಿಸಿ, ಅರಳೆಯನ್ನು ಒತ್ತಿ ಬೇಲು (ಬಿಗಿದ ದೊಡ್ಡ ಮೂಟೆ) ಕಟ್ಟುವ ಕಡೆ, ಕಾರಕೂನಕಿ ಮಾಡಿದ್ದೇನೆ. ಸಮುದ್ರ ನೋಡಿದ್ದು ಐದೋ ಆರೋ ಸಲ. ಹಡಗಿನ ವಿಷಯದಲ್ಲಿ ಇವನದೇನು ಅಂತ ನಿಮಗೆ ಅನಿಸಬಹುದು. ಆದರೆ ಆ ಹಡಗಿನಲ್ಲಿ ಹತ್ತಿ ಬೇಲು ಇದ್ದವು. ಬೇಲಿನ ಮಾತು ಬಂದರೆ ನನ್ನ ಬಾಯಿ ಸುಮ್ನಿರೋದಿಲ್ಲ.

ಹಡಗಿನ ಹೆಸರು ಕಾರ್ನಾಟಿಕ್. 'ನಮ್ಮ ನಾಡಿನ ಹೆಸರು ಹೊತ್ತ ಹಡಗು' ಅಂತಲೇ ನಿಮ್ಮ ಲೇಖನ ಶುರುವಾಗಿತ್ತು. ಮೊಮ್ಮಗ ಅದನ್ನು ಗಟ್ಟಿಯಾಗಿ ಓದಿ, "ಅಜ್ಜಾ, ಇದು ನಮ್ಮ ಹಡಗು" ಅಂದ. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಇಂಗ್ಲಿಷರು ಆ ಕಾಲದಲ್ಲಿ ಕಾರ್ನಾಟಿಕ್ ಅನ್ನುತ್ತಿದ್ದದ್ದು ಆರ್ಕಾಟ್ ನವಾಬರ ಸೀಮೆಗೆ, ಅಂದರೆ ಮದ್ರಾಸಿನ ಕಡೆಯ ಬಯಲಿಗೆ. ನಮ್ಮ ಗದಗ, ಹುಬ್ಬಳ್ಳಿ, ಹಾವೇರಿ ಎಲ್ಲ ಅವರ ಕಾಗದದಲ್ಲಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಅದನ್ನು ಅವರು ದಕ್ಷಿಣ ಮರಾಠಾ ದೇಶದಲ್ಲಿ ಸೇರಿಸಿದ್ದರು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದೇ 1973ರಲ್ಲಿ. ಇರಲಿ ಬಿಡಿ, ಇದೇನು ದೊಡ್ಡ ತಪ್ಪಲ್ಲ. ಮೊಮ್ಮಗನಿಗೆ ಇದನ್ನು ನಾನು ಹೇಳಲೂ ಇಲ್ಲ.

ದೊಡ್ಡ ತಪ್ಪು ಎರಡನೇ ಪ್ಯಾರಾದಲ್ಲಿದೆ. ಹಡಗು ಭಾರತದ ಹತ್ತಿ ತುಂಬಿಕೊಂಡು ಇಂಗ್ಲೆಂಡಿಗೆ ಹೋಗುವಾಗ ಬಿರುಗಾಳಿಗೆ ಸಿಕ್ಕು ಮುಳುಗಿತು ಅಂತ ಬರೆದಿದ್ದೀರಿ. ಹಡಗು ಹೊರಟದ್ದು ಆ ಕಡೆಗಲ್ಲ, ಈ ಕಡೆಗೆ. ಬಿರುಗಾಳಿಯಂತೂ ಇರಲೇ ಇಲ್ಲ. ಅದೇ ಈ ಪತ್ರದ ವಿಷಯ.

1869ರ ಸೆಪ್ಟೆಂಬರ್ 12ರ ಬೆಳಿಗ್ಗೆ 10 ಗಂಟೆಗೆ ಕಾರ್ನಾಟಿಕ್ ಸುಯೆಜ್ ಬಿಟ್ಟು ಮುಂಬೈಗೆ ಹೊರಟಿತು. ಪಿ ಅಂಡ್ ಓ ಅನ್ನುವ ಇಂಗ್ಲೆಂಡಿನ ಹಡಗು ಕಂಪನಿಯದು. ಲಂಡನ್ನಿನಲ್ಲಿ ಕಟ್ಟಿ 1862ರಲ್ಲಿ ನೀರಿಗೆ ಇಳಿಸಿದ್ದು, ಉದ್ದ ಸುಮಾರು 90 ಮೀಟರ್. ಉಗಿ ಎಂಜಿನ್ನೂ ಇತ್ತು, ಹಾಯಿಯೂ ಇತ್ತು. 34 ಜನ ಪ್ರಯಾಣಿಕರು, 176 ಜನ ಸಿಬ್ಬಂದಿ. ಒಳಗೆ ಹತ್ತಿಯ ಬೇಲು, ತಾಮ್ರದ ತಗಡು, ಟಪಾಲು, ಮತ್ತೆ ನಿಮ್ಮ ಲೇಖನದಲ್ಲಿ ದಪ್ಪಕ್ಷರದಲ್ಲಿ ಬಂದ 40,000 ಪೌಂಡ್ ಹಣ.

ಸುಯೆಜ್ ಕಾಲುವೆ ಆಗ ಇನ್ನೂ ತೆರೆದಿರಲಿಲ್ಲ. ತೆರೆದದ್ದು ಅದೇ ವರ್ಷ ನವೆಂಬರ್ 17ಕ್ಕೆ, ಈ ದುರಂತ ಆಗಿ ಎರಡೇ ತಿಂಗಳಿಗೆ. ಅಲ್ಲಿಯವರೆಗೆ ಇಂಗ್ಲೆಂಡಿನ ಟಪಾಲು, ಮಾಲು, ಮಂದಿ ಎಲ್ಲ ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ಈಜಿಪ್ಟಿನ ಮರಳಿನ ಮೇಲೆ ರೈಲಿನಲ್ಲಿ ಸುಯೆಜ್‌ಗೆ ಬಂದು, ಅಲ್ಲಿ ಮತ್ತೊಂದು ಹಡಗು ಹತ್ತಬೇಕಿತ್ತು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದು ಗಂಟುಮೂಟೆ ಹೊತ್ತುಕೊಂಡು ಹಳೇ ಬಸ್ ಸ್ಟ್ಯಾಂಡಿಗೆ ಓಡಿದ ಹಾಗೆ.

ಹತ್ತಿ ಅಂದ ಕೂಡಲೇ ನಮ್ಮಿಂದ ಅವರಿಗೆ ಹೋದದ್ದು ಅಂತ ನಿಮ್ಮ ಲೇಖಕರು ಅಂದುಕೊಂಡರು. ಅವರನ್ನು ದೂರುವುದಿಲ್ಲ. ಹೋಗುತ್ತಿದ್ದದ್ದೂ ನಿಜವೇ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಎರೆಹೊಲದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ರೈಲು ಇನ್ನೂ ಈ ಕಡೆ ಮುಖ ಹಾಕಿರಲಿಲ್ಲ. ಚಕ್ಕಡಿಯಲ್ಲಿ ಅಂಡಿಗೆ ಹೇರಿಕೊಂಡು ಘಟ್ಟ ಇಳಿದು ಕುಮಟಾಕ್ಕೋ ಕಾರವಾರಕ್ಕೋ ಮುಟ್ಟಿಸಬೇಕು, ಅಲ್ಲಿಂದ ಮಚವೆಯಲ್ಲಿ ಮುಂಬೈ. ಬೆಳೆದವನು ಧಾರವಾಡ ಜಿಲ್ಲೆಯ ರೈತ, ಆದರೆ ಪೇಟೆಯಲ್ಲಿ ಆ ಹತ್ತಿಗೆ ಹೆಸರು ಮಾತ್ರ 'ಕುಮಟಾ ಹತ್ತಿ'. ಹಡಗು ಹತ್ತಿದ ಊರಿಗೆ ಹೆಸರು, ಬೆಳೆದ ಊರಿಗೆ ಮಣ್ಣು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯೇ ಇತ್ತು. ಕಾರವಾರ ಬಂದರು ಬೇಕು, ಘಟ್ಟಕ್ಕೆ ರಸ್ತೆ ಬೇಕು ಅಂತ ಹತ್ತಿ ವ್ಯಾಪಾರಿಗಳು ಬೆನ್ನು ಬಿದ್ದಿದ್ದರು. (ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಇವತ್ತಿಗೂ ಬಂದಿಲ್ಲ. ಅದಕ್ಕೆ ಬೇರೆಯೇ ಪತ್ರ ಬರೆಯಬೇಕು.)

ಕಾರ್ನಾಟಿಕ್ ಮಾತ್ರ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು. ಅರಳೆ ಇಲ್ಲಿಂದ ಹೋಗುವುದು, ಬಟ್ಟೆ ಅಲ್ಲಿಂದ ಬರುವುದು, ಆಗಿನ ವ್ಯಾಪಾರದ ಪದ್ಧತಿಯೇ ಹಾಗೆ. ಬೆಟಗೇರಿಯ ಯಾವ ನೇಕಾರರ ಮನೆಯಲ್ಲಿ ಕೇಳಿದರೂ ಇದರ ಪರಿಣಾಮ ಹೇಳುತ್ತಾರೆ.

ಈಗ ಆ ರಾತ್ರಿಗೆ ಬರೋಣ. ಸುಯೆಜ್ ಕೊಲ್ಲಿ ಮುಗಿದು ಕೆಂಪು ಸಮುದ್ರ ಶುರುವಾಗುವ ಬಾಯಿಯಲ್ಲಿ ಶದ್ವಾನ್ ಅಂತ ಒಂದು ಬೋಳು ದ್ವೀಪ ಇದೆ. ಅದರ ಹತ್ತಿರ ನೀರಿನ ಕೆಳಗೆ ಒಂದು ಹವಳದ ದಿಬ್ಬ, ಹೆಸರು ಅಬು ನುಹಾಸ್. ಅರಬ್ಬಿಯಲ್ಲಿ ಅಬು ಅಂದರೆ ಅಪ್ಪ, ನುಹಾಸ್ ಅಂದರೆ ತಾಮ್ರ. ಕಾರ್ನಾಟಿಕ್‌ನ ತಾಮ್ರದ ತಗಡಿನಿಂದಲೇ ಈ ಹೆಸರು ಬಂತು ಅಂತ ಹೇಳುತ್ತಾರೆ. ನಮ್ಮ ಕಡೆಯಾಗಿದ್ದರೆ ತಾಮ್ರಪ್ಪನ ದಿಬ್ಬ ಅಂತ ಕರೆದು ವರ್ಷಕ್ಕೊಮ್ಮೆ ಕಾಯಿ ಒಡೆಯುತ್ತಿದ್ದೆವು.

ಹವಳದ ದಿಬ್ಬದ ತಕರಾರು ಏನೆಂದರೆ, ಅದು ಗುಡ್ಡದ ಹಾಗೆ ತಲೆ ಎತ್ತಿ ನಿಲ್ಲುವುದಿಲ್ಲ. ನೀರಿನ ಮಟ್ಟಕ್ಕೆ ಒಂದು ಗೇಣು, ಒಂದು ಮೊಳ ಕೆಳಗೆ ಚಪ್ಪಟೆಯಾಗಿ ಮಲಗಿರುತ್ತದೆ, ಆಚೆ ಬದಿಗೆ ಬಾವಿಯ ಗೋಡೆಯಂತೆ ನೆಟ್ಟಗೆ ಆಳಕ್ಕೆ ಇಳಿದಿರುತ್ತದೆ. ಹಗಲಲ್ಲಿ ನೀರಿನ ಬಣ್ಣ ಬದಲಾಗಿ ಕಾಣುತ್ತದೆ. ಗಾಳಿ ಇದ್ದರೆ ಅಲೆ ಒಡೆದ ಬಿಳಿ ನೊರೆ ಕಾಣುತ್ತದೆ. ಕತ್ತಲೆ ಇದ್ದು, ಸಮುದ್ರವೂ ಶಾಂತವಾಗಿದ್ದರೆ ಹತ್ತಿರ ಬರುವ ತನಕ ಏನೂ ಗೊತ್ತಾಗುವುದಿಲ್ಲ. ಅಂದರೆ ಹಡಗಿನವರಿಗೆ ಒಳ್ಳೇ ಹವೆಯೇ ಇಲ್ಲಿ ಶತ್ರು. ನೀವು ಬಿರುಗಾಳಿ ಅಂತ ಬರೆದದ್ದಕ್ಕೆ ನನಗೆ ಯಾಕೆ ಸಿಟ್ಟು ಬಂತು ಅಂತ ಈಗ ತಿಳಿಯಿತಲ್ಲ?

13ರ ಬೆಳಗಿನ ಜಾವ 1 ಗಂಟೆ ದಾಟಿತ್ತು. ಕಾವಲಿನವರಿಗೆ ಮುಂದೆ ನೊರೆ ಕಂಡಿತು. ಚುಕ್ಕಾಣಿ ತಿರುಗಿಸಿದರು, ಎಂಜಿನ್ ಹಿಂದಕ್ಕೆ ಹೊಡೆಸಿದರು. ಹೊತ್ತು ಮೀರಿತ್ತು. ಹಡಗು ದಿಬ್ಬದ ಮೇಲೆ ಹತ್ತಿ ಕೂತುಬಿಟ್ಟಿತು.

ಇಲ್ಲಿಂದ ಮುಂದಿನದು ನಿಮ್ಮ ಲೇಖನದಲ್ಲಿ ಒಂದೇ ಸಾಲು: 'ಹಡಗು ಒಡೆದು ಚಿನ್ನ ಸಮುದ್ರದ ಪಾಲಾಯಿತು.' ಹಾಗೆ ಆಗಲಿಲ್ಲ, ಸಾರ್. ಹಡಗು ಕೂತ ಮೇಲೆ 34 ಗಂಟೆ ಅಲ್ಲೇ ಇತ್ತು.

ಕ್ಯಾಪ್ಟನ್ ಹೆಸರು ಜೋನ್ಸ್. ಪಳಗಿದ ಮನುಷ್ಯ. ಅವನು ಮಾಡಿದ ಲೆಕ್ಕ ಹೀಗಿತ್ತು. ನೀರು ಒಳಗೆ ಬರುತ್ತಿದೆ, ಆದರೆ ಪಂಪು ಅದನ್ನು ಎತ್ತಿ ಹಾಕುತ್ತಿದೆ. ಹಡಗು ಅಲುಗಾಡುತ್ತಿಲ್ಲ. ರಾತ್ರಿ ಹೊತ್ತು ಹವಳದ ಮೇಲೆ ದೋಣಿ ಇಳಿಸಿದರೆ ಅದೂ ಅಪಾಯವೇ. ಇದೇ ಕಂಪನಿಯ 'ಸುಮಾತ್ರಾ' ಅನ್ನುವ ಹಡಗು ಈ ದಾರಿಯಲ್ಲಿ ಇವತ್ತೋ ನಾಳೆಯೋ ಬರುವುದಿದೆ. ಬಂದರೆ ಎಲ್ಲರನ್ನೂ ಕರೆದುಕೊಂಡು ಹೋಗುತ್ತದೆ, ಟಪಾಲೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಕಾಯೋಣ.

ಬೆಳಕು ಹರಿದ ಮೇಲೆ ಹಡಗು ಹಗುರಾಗಲಿ ಅಂತ ಸ್ವಲ್ಪ ಮಾಲು ಸಮುದ್ರಕ್ಕೆ ಎಸೆಸಿದ. ದ್ವೀಪ ಕಣ್ಣೆದುರಿಗೇ ಇತ್ತು, ದೋಣಿಗಳಿದ್ದವು. ನಮ್ಮನ್ನು ಅಲ್ಲಿಗೆ ಮುಟ್ಟಿಸು ಅಂತ ಪ್ರಯಾಣಿಕರು ಕೇಳಿಕೊಂಡರು. ಬೇಡ, ಹಡಗೇ ಭದ್ರ ಅಂದ. ಅವತ್ತು ರಾತ್ರಿ ಎಂದಿನಂತೆ ಊಟ ಬಡಿಸಿದರು. ದಿಬ್ಬದ ಮೇಲೆ ಕೂತ ಹಡಗಿನಲ್ಲಿ ಮೇಜು ಹಾಸಿ ತಟ್ಟೆ ಇಟ್ಟಿದ್ದಾರೆ, ಜನ ಉಣ್ಣುತ್ತಿದ್ದಾರೆ, ಕೆಳಗೆ ಪಂಪು ಬಡಕೊಳ್ಳುತ್ತಿದೆ. ನನಗೆ ಈ ಇಡೀ ಕಥೆಯಲ್ಲಿ ಮನಸ್ಸಿನಿಂದ ಹೋಗದ ಚಿತ್ರ ಇದೇ. ಚಿನ್ನ ಅಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು 1986ರ ಮಾರ್ಚ್ ತಿಂಗಳ ಒಂದು ಸಂಜೆ. ನಾನು ಆಗ ಒಂದು ಹತ್ತಿ ಪ್ರೆಸ್ಸಿನಲ್ಲಿ ಹೊಸ ಕಾರಕೂನ. ಯಾವ ಪ್ರೆಸ್ಸು ಅಂತ ಹೇಳುವುದಿಲ್ಲ, ಮಾಲೀಕರೂ ಈಗಿಲ್ಲ. ಹತ್ತಿ ಸುಗ್ಗಿ ಜೋರಾಗಿತ್ತು. ಅಂಗಳದಲ್ಲಿ ಬೇಲುಗಳ ಥಪ್ಪಿ ಆಳೆತ್ತರ ನಿಂತಿತ್ತು. ನಾನು ನಂಬರ್ ಬರೆದುಕೊಳ್ಳುತ್ತ ಹೋಗುತ್ತಿದ್ದೆ. ಒಬ್ಬ ಹಿರಿಯ ಹಮಾಲ ಬಂದು ಕೆಳಸಾಲಿನ ಒಂದು ಬೇಲಿನ ಮೇಲೆ ಅಂಗೈ ಇಟ್ಟ. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಬಗ್ಗಿ ಮೂಸಿ ನೋಡಿದ. "ಕಾರಕೂನ್ರ, ಇದರಾಗ ಬೆಂಕಿ ಐತ್ರಿ" ಅಂದ.

ಹೊಗೆ ಇಲ್ಲ, ಏನಿಲ್ಲ. ನಾನೂ ಮುಟ್ಟಿದೆ. ಗೋಣಿತಟ್ಟು ಸ್ವಲ್ಪ ಬೆಚ್ಚಗಿತ್ತು, ಬಿಸಿಲಿಗೆ ಕಾದಿರಬೇಕು ಅನಿಸುವಷ್ಟೇ. ಆದರೆ ಆ ಬದಿಗೆ ಬಿಸಿಲೇ ಬೀಳುತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೈತರ ಹತ್ತಿಯಲ್ಲಿ ಒಂದು ಸಣ್ಣ ಕಲ್ಲೋ ಮೊಳೆಯೋ ಸೇರಿಕೊಂಡು ಜಿನ್ನಿನ ಚಾಕುವಿಗೆ ಬಡಿದರೆ ಕಿಡಿ ಏಳುತ್ತದೆ. ಆ ಕಿಡಿ ಆರದೆ ಅರಳೆಯ ಜೊತೆ ಪ್ರೆಸ್ಸಿಗೆ ಹೋಗಿ ಬೇಲಿನ ನಡುವೆ ಕೂತರೆ, ಗಾಳಿ ಸಾಲದೆ ಉರಿಯುವುದೂ ಇಲ್ಲ, ಆರುವುದೂ ಇಲ್ಲ. ಒಳಗೊಳಗೇ ಕರಗುತ್ತ ಇರುತ್ತದೆ, ಕೆಲವು ಸಲ ದಿನಗಟ್ಟಲೆ. ಹೊರಗಿನಿಂದ ನೋಡಿದರೆ ಬೇಲು ಬೇಲಿನ ಹಾಗೇ ಇರುತ್ತದೆ. ಆ ಬೇಲನ್ನು ಥಪ್ಪಿಯಿಂದ ಎಳೆದು, ದೂರ ಬಯಲಿಗೆ ಹಾಕಿ, ಪಟ್ಟಿ ಕತ್ತರಿಸಿ ಬಿಚ್ಚಿ ಆರಿಸಬೇಕು. ಬೇರೆ ಮದ್ದಿಲ್ಲ.

ಮ್ಯಾನೇಜರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬಂದರು, ಮುಟ್ಟಿ ನೋಡಿದರು, ಯೋಚಿಸಿದರು. "ಕೆಳಸಾಲಿನ ಬೇಲು ತೆಗೀಬೇಕಂದ್ರ ಇಡೀ ಥಪ್ಪಿ ಬಿಚ್ಚಬೇಕಾಗ್ತದ. ಹಮಾಲ್ರು ಮನೀಗೆ ಹೊಂಟಾರ. ಮುಂಜಾನೆ ಎಂಟಕ್ಕ ಲಾರಿ ಬರ್ತದ, ಹೇರೋ ಮುಂದ ಹೆಂಗೂ ಬಿಚ್ಚೋದ ಐತಿ, ಆವಾಗ ನೋಡೂಣು" ಅಂದರು. ಮಾತು ಸರಿಯಾಗೇ ಇತ್ತು. ನಾನೂ ತಲೆ ಆಡಿಸಿದೆ. ಇಪ್ಪತ್ತಾರು ವರ್ಷದ ಹುಡುಗ, ಕೆಲಸಕ್ಕೆ ಸೇರಿ ಆರು ತಿಂಗಳು, ಇನ್ನೇನು ಮಾಡುತ್ತಿದ್ದೆ? ಆ ಹಮಾಲ ಮಾತ್ರ ಮನೆಗೆ ಹೋಗದೆ ಒಂದು ಕೊಡ ನೀರು ಇಟ್ಟುಕೊಂಡು ಥಪ್ಪಿಯ ಹತ್ತಿರ ಮಲಗಿದ.

ನಡುರಾತ್ರಿ ಹೊತ್ತಿಕೊಂಡಿತು. ಮೇಲಿನ ಸಾಲಿಗೆ ಬಂದ ಮೇಲೆ ಗಾಳಿ ಸಿಕ್ಕಿತು, ಮುಗಿಯಿತು. ನಾನು ಸೈಕಲ್ ಹೊಡಕೊಂಡು ಹೋಗುವಷ್ಟರಲ್ಲಿ ಅಂಗಳ ಹಗಲಾಗಿತ್ತು. ಜೀವ ಹೋಗಲಿಲ್ಲ. ಹಮಾಲನ ಎರಡೂ ಅಂಗೈ ಸುಟ್ಟವು, ಬೇಲು ಎಳೆಯೋಕೆ ಹೋಗಿದ್ದ. ಮುಂದೆ ಅವನಿಗೆ ಭಾರ ಹಿಡಿಯೋಕೆ ಆಗಲಿಲ್ಲ, ಕಾರ್ಖಾನೆಯ ಗೇಟಿನ ಹತ್ತಿರ ಬೀಡಿ ಅಂಗಡಿ ಇಟ್ಟುಕೊಂಡ.

ಬೆಳಿಗ್ಗೆ ಎಂಟಕ್ಕೆ ಲಾರಿ ಬಂತು. ಹೇಳಿದ ಹೊತ್ತಿಗೆ ಸರಿಯಾಗಿ. ಡ್ರೈವರ್ ಗೇಟಿನಲ್ಲಿ ನಿಲ್ಲಿಸಿ ಹಾರ್ನ್ ಹೊಡೆದ.

ಕಾರ್ನಾಟಿಕ್‌ಗೆ ವಾಪಸ್ ಬರುತ್ತೇನೆ. 14ರ ಬೆಳಗಿನ ಜಾವ ಸುಮಾರು 2 ಗಂಟೆಗೆ ನೀರು ಬಾಯ್ಲರಿನವರೆಗೆ ಏರಿತು. ಬಾಯ್ಲರ್ ಆರಿದರೆ ಉಗಿ ಇಲ್ಲ, ಉಗಿ ಇಲ್ಲದಿದ್ದರೆ ಪಂಪು ಇಲ್ಲ. ಕ್ಯಾಪ್ಟನ್ನಿನ ಲೆಕ್ಕದ ಬುಡವೇ ಆ ಪಂಪಾಗಿತ್ತು. ಆದರೂ ಬೆಳಗಾಗುವವರೆಗೆ ಕಾದರು. ಹೊತ್ತೇರಿದ ಮೇಲೆ ಕೊನೆಗೂ ದೋಣಿಗೆ ಹತ್ತಿ ಅಂತ ಅಪ್ಪಣೆ ಕೊಟ್ಟ. ಮೊದಲ ನಾಲ್ಕೈದು ಜನ ದೋಣಿಯಲ್ಲಿ ಕೂತಿದ್ದರು ಅಷ್ಟೆ. 11 ಗಂಟೆ ಸುಮಾರಿಗೆ ಹಡಗು ನಡು ಮುರಿದು ಎರಡಾಯಿತು.

ಯಾಕೆ ಮುರಿಯಿತು ಅನ್ನುವುದನ್ನು ನನ್ನ ಅಳಿಯ, ಹುಬ್ಬಳ್ಳಿಯಲ್ಲಿ ಫ್ಯಾಬ್ರಿಕೇಶನ್ ಕೆಲಸದವನು, ಸರಳವಾಗಿ ಹೇಳಿದ. ಹಡಗು ನೀರಿನಲ್ಲಿ ತೇಲುವಾಗ ಉದ್ದಕ್ಕೂ ಕೆಳಗಿಂದ ಆಸರೆ ಇರುತ್ತದೆ. ದಿಬ್ಬದ ಮೇಲೆ ಕೂತಾಗ ಆಸರೆ ಒಂದೇ ಕಡೆ, ಉಳಿದ ಭಾಗ ಆಳದ ಮೇಲೆ ಜೋತುಬಿದ್ದಿರುತ್ತದೆ. ಮೇಲೆ ಮಾಲಿನ ಭಾರ, ಒಳಗೆ ನುಗ್ಗಿದ ನೀರಿನ ಭಾರ, ಅಲೆಗೆ ಏರಿ ಇಳಿಯುವ ಜಗ್ಗಾಟ. ಊಟದ ಮೇಜಿನಂಚಿನಿಂದ ಅರ್ಧ ಹೊರಗೆ ಚಾಚಿದ ಸ್ಕೇಲನ್ನು ಒತ್ತಿ ತೋರಿಸಿದ, ಮೊಮ್ಮಗನ ಸ್ಕೇಲು ಲಟಕ್ಕನೆ ಮುರಿಯಿತು, ಅದಕ್ಕೆ ಮನೆಯಲ್ಲಿ ಬೇರೆ ರಾಮಾಯಣ ಆಯಿತು. ಹಡಗಿನ ಹಿಂಭಾಗ ಜಾರಿ ಆಳಕ್ಕೆ ಹೋಯಿತು. ಈಗಲೂ ಅಲ್ಲೇ, ಸುಮಾರು 27 ಮೀಟರ್ ಕೆಳಗೆ ಇದೆ. ಮರದ ಭಾಗ ಎಲ್ಲ ಕರಗಿ ಕಬ್ಬಿಣದ ಹಂದರ ಉಳಿದಿದೆ. ನೀವು ಹಾಕಿದ ಫೋಟೋದಲ್ಲಿ ಕಾಣುವ ಪಕ್ಕೆಲುಬಿನ ಸಾಲು ಅದೇ, 'ನಿಧಿಯ ಕೋಣೆ' ಅಲ್ಲ.

31 ಜನ ಸತ್ತರು. 5 ಜನ ಪ್ರಯಾಣಿಕರು, 26 ಜನ ಹಡಗಿನ ಕೆಲಸಗಾರರು.

ನಿಮ್ಮ ಪುಟವನ್ನು ಮತ್ತೆ ತೆಗೆದು ಬೆರಳಿಟ್ಟು ನೋಡಿದೆ. 40,000 ಪೌಂಡ್ ಅನ್ನುವುದು ಆರು ಸಲ ಬಂದಿದೆ, ಒಂದು ಸಲ ಇವತ್ತಿನ ರೂಪಾಯಿ ಲೆಕ್ಕದ ಜೊತೆಗೆ. 31 ಅನ್ನುವುದು ಒಂದು ಸಲವೂ ಇಲ್ಲ. 26 ಜನ ಯಾರು ಅಂತ ಕೇಳಬೇಕು ಅನಿಸಲಿಲ್ಲವೇ? ಪಿ ಅಂಡ್ ಓ ಹಡಗುಗಳ ಕೆಳಗಿನ ಕೆಲಸಕ್ಕೆ ಆಗ ಹೆಚ್ಚಾಗಿ ನಮ್ಮ ದೇಶದ ಲಸ್ಕರರನ್ನು, ಅಂದರೆ ಹಡಗಿನ ಆಳುಗಳನ್ನು, ಇಟ್ಟುಕೊಳ್ಳುತ್ತಿದ್ದರು. ಮುಂಬೈಯಲ್ಲಿ ನೇಮಿಸಿಕೊಳ್ಳುತ್ತಿದ್ದ ಅವರಿಗೆ ಸಾರಂಗನೊಬ್ಬ ಮೇಲಾಳು, ಅವನ ಕೈಕೆಳಗೆ ತಾಂಡೇಲ. ಬಾಯ್ಲರಿಗೆ ಕಲ್ಲಿದ್ದಲು ಹಾಕುವವರಲ್ಲೂ ಈ ಕಡೆಯವರಿರುತ್ತಿದ್ದರು, ಊಟ ಬಡಿಸುವ ಕೆಲಸಕ್ಕೆ ಗೋವಾದವರು. ಕಾರವಾರದಲ್ಲಿ ತಾಂಡೇಲ ಅನ್ನುವ ಮಾತು ಈಗಲೂ ಇದೆ, ಅಡ್ಡಹೆಸರೂ ಇದೆ. ಕ್ಯಾಪ್ಟನ್ನಿನ ಹೆಸರು ದಾಖಲೆಯಲ್ಲಿದೆ, ಪೌಂಡಿನ ಲೆಕ್ಕ ದಾಖಲೆಯಲ್ಲಿದೆ, ನಾನು ಅದನ್ನೇ ನೋಡಿ ಇಲ್ಲಿ ಬರೆಯುತ್ತಿದ್ದೇನೆ. ಪಂಪಿನ ಹತ್ತಿರ ಕೊನೆಯವರೆಗೆ ನಿಂತವರು ಯಾರು ಅಂತ ಒಂದು ಪುಟ ಬರೆಯಿರಿ, ನಾನೇ ಹತ್ತು ಪ್ರತಿ ಕೊಂಡು ಹಂಚುತ್ತೇನೆ.

ಈಗ ಬೇಲಿನ ವಿಷಯ. 'ಬೆಲೆಬಾಳುವ ಹತ್ತಿಯೆಲ್ಲ ಕಲ್ಲಿನಂತೆ ತಳ ಸೇರಿತು' ಅಂತ ಫೋಟೋದ ಕೆಳಗೆ ಬರೆದಿದ್ದೀರಿ. ಬೇಲು ಕಲ್ಲಿನಂತೆ ತಳ ಸೇರುವುದಿಲ್ಲ. ಪ್ರೆಸ್ಸಿನಲ್ಲಿ ಎಷ್ಟೇ ಬಿಗಿದು ಕಟ್ಟಿದರೂ ಬೇಲು ನೀರಿಗಿಂತ ಹಗುರ. ಅದಲ್ಲದೆ ಹಸಿ ಅರಳೆಗೆ ಮೇಣದಂಥ ಒಂದು ಜಿಡ್ಡು ಇರುತ್ತದೆ, ಬೇಗ ನೀರು ಕುಡಿಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಬಿಳಿ ಹತ್ತಿಯನ್ನು ಕುದಿಸಿ ಜಿಡ್ಡು ತೆಗೆದಿರುತ್ತಾರೆ, ಅದು ಬೇರೆ. ಒಮ್ಮೆ ಮಳೆಗಾಲದಲ್ಲಿ ನಮ್ಮ ಲಾರಿಯೊಂದು ಹಳ್ಳದ ಸೇತುವೆ ಮೇಲೆ ವಾಲಿ ಮೂರು ಬೇಲು ನೀರಿಗೆ ಬಿದ್ದವು. ಎಮ್ಮೆ ಈಜಿದ ಹಾಗೆ ಬೆನ್ನು ತೋರಿಸುತ್ತ ತೇಲಿಕೊಂಡು ಹೋಗಿ ಕೆಳಗಿನ ಜಾಲಿ ಕಂಟಿಗೆ ಸಿಕ್ಕಿಕೊಂಡವು. ಮಾರನೇ ದಿನ ಎತ್ತಿ ತಂದು ಬಿಚ್ಚಿದರೆ, ಹೊರಗೆ ನಾಲ್ಕು ಬೆರಳು ಕೆಸರು, ಒಳಗೆ ಒಣ ಅರಳೆ. ವಿಮೆಯವರು ನಂಬಲಿಲ್ಲ, ಅದು ಬೇರೆ ಮಾತು.

ಕಾರ್ನಾಟಿಕ್‌ನ ಬೇಲುಗಳೂ ಹಾಗೇ ತೇಲಿದವು. ಒಳಗಿದ್ದದ್ದು ಅರಳೆಯಾಗಲಿ, ಬಟ್ಟೆಯಾಗಲಿ, ಬಿಗಿದ ಬೇಲಿನ ನಡುವಿಗೆ ನೀರು ಬೇಗ ಮುಟ್ಟುವುದಿಲ್ಲ. ಉಳಿದವರು ದೋಣಿಗಳಲ್ಲಿ ಶದ್ವಾನ್ ದ್ವೀಪಕ್ಕೆ ಹೋದರು. ಅಲ್ಲಿ ಮರ ಇಲ್ಲ, ಕುಡಿಯೋಕೆ ನೀರಿಲ್ಲ, ರಾತ್ರಿ ಚಳಿ, ಮೈಮೇಲಿನ ಬಟ್ಟೆ ಎಲ್ಲ ಒದ್ದೆ. ಹಡಗಿನಿಂದ ಹೋದ ಬೇಲುಗಳು ದಡಕ್ಕೆ ಬಂದು ಬಿದ್ದಿದ್ದವು. ಅವನ್ನೇ ಬಿಚ್ಚಿ ಮೈಗೆ ಬೆಚ್ಚಗೆ ಮಾಡಿಕೊಂಡರು. ಅವಕ್ಕೇ ಬೆಂಕಿ ಹಚ್ಚಿದರು. ಹೋಗುವ ಹಡಗಿಗೆ ಕಾಣಲಿ ಅಂತ.

ಸುಮಾತ್ರಾ ಬಂತು. ಕ್ಯಾಪ್ಟನ್ ಹೇಳಿದ ಹಾಗೆ, ಅದೇ ದಾರಿಯಲ್ಲಿ. ದ್ವೀಪದಲ್ಲಿದ್ದವರನ್ನು ಹತ್ತಿಸಿಕೊಂಡು ಸುಯೆಜ್‌ಗೆ ಮುಟ್ಟಿಸಿತು.

ಆಮೇಲೆ ಇಂಗ್ಲೆಂಡಿನಲ್ಲಿ ವಿಚಾರಣೆ ಆಯಿತು. ಹಡಗು ಗಟ್ಟಿಯಾಗಿತ್ತು, ಹವೆ ಚೆನ್ನಾಗಿತ್ತು, ಬೆಳಕು ಸಾಕಷ್ಟಿತ್ತು, ಬೇಕಾಗಿದ್ದದ್ದು ಎಚ್ಚರ, ಅದೊಂದು ಇರಲಿಲ್ಲ ಅನ್ನುವ ಅರ್ಥದ ತೀರ್ಪು ಬಂತು. ಜೋನ್ಸ್‌ನ ಪರವಾನಗಿಯನ್ನು 9 ತಿಂಗಳು ತಡೆಹಿಡಿದರು. ಬಿರುಗಾಳಿ ಅಂತ ಅವನ ವಕೀಲರೂ ಹೇಳಿರಲಾರರು, ನೀವು ಹೇಳಿದಿರಿ.

ಹಣದ್ದೂ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಓದುಗರು ಬಿಡುವುದಿಲ್ಲ. ಕೆಲವೇ ವಾರಗಳಲ್ಲಿ ಇಂಗ್ಲೆಂಡಿನಿಂದ ಮುಳುಗುಗಾರರು ಬಂದರು. ತಲೆಗೆ ಲೋಹದ ಹಂಡೆಯಂಥ ಟೋಪಿ, ಮೇಲಿಂದ ಕೊಳವೆಯಲ್ಲಿ ಗಾಳಿ. ನವೆಂಬರ್ ಮೊದಲ ವಾರ ದಾಟುವಷ್ಟರಲ್ಲಿ 32,000 ಪೌಂಡ್ ಮೇಲೆತ್ತಿದ್ದರು. ಉಳಿದ 8,000ದ ಸುತ್ತ ಕಥೆ ಬೆಳೆಯುತ್ತ ಹೋಯಿತು. ನಿಮ್ಮ ಪುಟವೂ ಆ ಕಥೆಗಳಲ್ಲಿ ಒಂದು.

'ಹಿಂದಿನ ಕಾಲದ ನಾವಿಕರಿಗೆ ಈಗಿನ ಉಪಕರಣ ಇರಲಿಲ್ಲ, ಪಾಪ' ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಅದೂ ನನಗೆ ಒಪ್ಪಿಗೆಯಿಲ್ಲ. ಅದೇ ಅಬು ನುಹಾಸ್ ದಿಬ್ಬಕ್ಕೆ 1978ರಲ್ಲಿ ಕಿಮನ್ ಎಂ ಅನ್ನುವ ಹಡಗು ಬೇಳೆಕಾಳು ತುಂಬಿಕೊಂಡು ಬಂದು ಬಡಿಯಿತು. 1981ರಲ್ಲಿ ಕ್ರಿಸೂಲಾ ಕೆ, ಅದರಲ್ಲಿ ನೆಲಕ್ಕೆ ಹಾಸುವ ಟೈಲ್ಸ್. 1983ರಲ್ಲಿ ಜಿಯಾನಿಸ್ ಡಿ, ಅದರಲ್ಲಿ ಕಟ್ಟಿಗೆ. ಬೇಳೆ, ಟೈಲ್ಸು, ಕಟ್ಟಿಗೆ, ಹತ್ತಿ, ತಾಮ್ರ, ಒಂದು ಮನೆ ಕಟ್ಟಿ ಸಂಸಾರ ಹೂಡುವಷ್ಟು ಸಾಮಾನು ಒಂದೇ ದಿಬ್ಬದ ಸುತ್ತ ಬಿದ್ದಿದೆ. ದಿಬ್ಬ ನಕಾಶೆಯಲ್ಲಿತ್ತು, ಈ ಮೂರು ಹಡಗುಗಳ ಕಾಲಕ್ಕೆ ರೇಡಾರ್ ಬಂದು ಎಷ್ಟೋ ವರ್ಷ ಆಗಿತ್ತು.

ದೂರದ ಊರಿನ ಮಾತು ಬೇಡ ಅಂದರೆ ಹತ್ತಿರದ್ದೂ ಇದೆ. 1862ರ ನವೆಂಬರಿನಲ್ಲಿ ಪಿ ಅಂಡ್ ಓದ ಕೊಲಂಬೋ ಹಡಗು ಮಿನಿಕಾಯ್ ದ್ವೀಪದ ಹವಳಕ್ಕೆ ಬಡಿದು ಹೋಯಿತು. ಅಲ್ಲಿ ದೀಪಸ್ತಂಭ ಬೆಳಗಿದ್ದು 1885ರಲ್ಲಿ. ಹವಳ ಅಂದರೆ ನಮಗೆ ಸಂಬಂಧ ಇಲ್ಲದ ಪರದೇಶದ ವಸ್ತು ಅಂತ ತಿಳಿಯಬೇಡಿ, ಲಕ್ಷದ್ವೀಪದ ಅಮಿನಿ, ಕಡಮತ್ ಎಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು.

ಇನ್ನೂ ಹತ್ತಿರದ್ದು ಬೇಕಾದರೆ ಕಾರವಾರ. 2006ರ ಮೇ 30ರಂದು ಓಷನ್ ಸೆರಾಯಾ ಅನ್ನುವ ಸರಕು ಹಡಗು ಕಾರವಾರದ ಎದುರಿನ ಆಯ್ಸ್ಟರ್ ರಾಕ್ ಬಂಡೆಗೆ ಸಿಕ್ಕಿಕೊಂಡಿತು. ಅವತ್ತು ಮಳೆಗಾಲದ ಸಮುದ್ರ, ನಿಜ. ಆದರೆ ಆ ಬಂಡೆಯ ದ್ವೀಪದ ಮೇಲೆ ಬ್ರಿಟಿಷರ ಕಾಲದಿಂದ ದೀಪಸ್ತಂಭ ಇದೆ. ಜೂನ್ ತಿಂಗಳಲ್ಲಿ ನನ್ನ ಸೋದರಳಿಯನ ಮದುವೆಗೆ ಅಂತ ನಾವು ಯಲ್ಲಾಪುರದ ಮೇಲೆ ಬಸ್ಸಿನಲ್ಲಿ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋಗಿದ್ದೆವು. ಬೀಚಿಗೆ ಹೋದರೆ ಮರಳಿನ ಮೇಲೆ ಕರಿ ಜಿಡ್ಡು. ಮನೆಯಾಕೆಯ ಹೊಸ ಚಪ್ಪಲಿಗೆ ಅಂಟಿಕೊಂಡದ್ದು ಸೀಮೆಎಣ್ಣೆ ಹಾಕಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಹಡಗಿನಿಂದ ನೂರಾರು ಟನ್ ಎಣ್ಣೆ ಸೋರಿ ಗೋವಾದ ದಡದವರೆಗೂ ಹೋಗಿತ್ತು. ದಡದಲ್ಲಿ ಬಲೆ ಮಡಚುತ್ತಿದ್ದ ಒಬ್ಬರನ್ನು ಕೇಳಿದೆ, ಅಷ್ಟು ದೊಡ್ಡ ಬಂಡೆ ಹಡಗಿನವರಿಗೆ ಕಾಣಲಿಲ್ಲವೇ ಅಂತ. ಅವರು ಬಲೆಯಿಂದ ತಲೆ ಎತ್ತದೆ, "ಬಂಡೆ ಎಲ್ಲಿಗೂ ಹೋಗಿರಲಿಲ್ಲ ಮಾರಾಯ್ರೇ, ಅಲ್ಲೇ ಇತ್ತು" ಅಂದರು.

ನಿಮ್ಮ ಪತ್ರಿಕೆಯನ್ನು ನಮ್ಮ ತಂದೆಯ ಕಾಲದಿಂದ ತರಿಸುತ್ತಿದ್ದೇವೆ, ಈ ಪತ್ರದಿಂದ ಅದೇನೂ ನಿಲ್ಲುವುದಿಲ್ಲ. ಲೇಖನ ಬರೆದವರು ಚಿಕ್ಕವರಿರಬೇಕು, ಬರೆಯುವ ಕೈ ಚೆನ್ನಾಗಿದೆ. ಸುಗ್ಗಿಯ ಹೊತ್ತಿಗೆ ಗದಗಕ್ಕೆ ಬಂದರೆ ಯಾವುದಾದರೂ ಪ್ರೆಸ್ಸಿಗೆ ಕರೆದುಕೊಂಡು ಹೋಗಿ ಬೇಲು ಮುಟ್ಟಿಸಿ ತೋರಿಸುತ್ತೇನೆ. ಊಟ ನಮ್ಮ ಮನೆಯಲ್ಲೇ.

ತಿದ್ದುಪಡಿ ಹಾಕುವುದಾದರೆ ನಾನು ಬರೆದದ್ದೆಲ್ಲ ಹಾಕಬೇಕಾಗಿಲ್ಲ. ಹಡಗು ಸುಯೆಜ್‌ನಿಂದ ಮುಂಬೈಗೆ ಬರುತ್ತಿತ್ತು, ಬಿರುಗಾಳಿ ಇರಲಿಲ್ಲ, ದಿಬ್ಬಕ್ಕೆ ಹತ್ತಿದ ಮೇಲೆ 34 ಗಂಟೆ ಕಾದರು, ಸತ್ತವರು 31 ಜನ. ಇಷ್ಟು ಹಾಕಿ, ಸಾಕು.

ಇಂತಿ,
ಒಬ್ಬ ನಿವೃತ್ತ ಪ್ರೆಸ್ ಕಾರಕೂನ
ಬೆಟಗೇರಿ, ಗದಗ